ಕಾಲು ತಾಗದ ಬೈಕಿನಲ್ಲಿ ಎರಡು ಮಳೆಗಾಲ

ಎರಡು ಮಳೆಗಾಲ ಮುಗಿಯಿತು. ಮೂರನೆಯದಕ್ಕೆ ಇನ್ನು ಹದಿನೈದು ದಿನವೂ ಇಲ್ಲ. ನನ್ನ ಹೀರೋ ಎಕ್ಸ್‌ಪಲ್ಸ್ 200 ಬೈಕ್ ಇನ್ನೂ ನಮ್ಮ ಅಂಗಳದಲ್ಲೇ ಇದೆ. ಆರು ತಿಂಗಳಲ್ಲಿ ಮಾರುತ್ತಾಳೆ ಎಂದು ಭಾವ ಹೇಳಿದ್ದರು. ಗ್ಯಾರೇಜಿನ ಹುಡುಗ ಮೂರೇ ತಿಂಗಳು ಅಂದಿದ್ದ. ಹಾಗಾಗಿ ಹೇಗೆ ಮಾಡಿದೆ, ಎಲ್ಲಿ ಕೆಟ್ಟೆ, ಎಷ್ಟು ಹಣ ಹೋಯಿತು ಎಂಬುದನ್ನು ಒಮ್ಮೆ ಬರೆದಿಡೋಣ ಅನಿಸಿತು. ನನ್ನ ಹಾಗೆ ಗಿಡ್ಡ ಇರುವವರು, ಗೇರ್ ಬೈಕ್ ಹೊಸತಾಗಿ ಹಿಡಿಯುವವರು ನಮ್ಮ ಕಡೆ ಇನ್ನೂ ಇದ್ದಾರೆ.

ನನ್ನ ಎತ್ತರ 5 ಅಡಿ 2 ಇಂಚು. ತೂಕ 54 ಕೆ.ಜಿ. ಬೈಕಿನ ಸೀಟ್ ಎತ್ತರ 823 ಮಿ.ಮೀ., ತೂಕ 154 ಕೆ.ಜಿ. ಅದಕ್ಕೆ ಮೊದಲು ಹನ್ನೆರಡು ವರ್ಷ ಓಡಿಸಿದ್ದು ಸ್ಕೂಟರ್ ಒಂದೇ. ಕ್ಲಚ್ ಎಂಬುದನ್ನು ಮುಟ್ಟಿದ್ದು 38ನೇ ವಯಸ್ಸಿನಲ್ಲಿ.

ಮನೆ ಉಡುಪಿ ಜಿಲ್ಲೆಯ ಹೆಬ್ರಿಯಿಂದ ಮುದ್ರಾಡಿ ಕಡೆಗೆ ಹೋಗಿ ಒಳಗೆ. ಡಾಮರು ರಸ್ತೆ ಬಿಟ್ಟ ಮೇಲೆ ಮಣ್ಣಿನ ದಾರಿ ಸುಮಾರು ಒಂದೂವರೆ ಕಿ.ಮೀ. ಮಧ್ಯೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ತೋಡು ದಾಟಿದ ಕೂಡಲೇ ಏರು. ಬೇಸಿಗೆಯಲ್ಲಿ ಸ್ಕೂಟರ್ ಹೇಗೋ ಹತ್ತುತ್ತಿತ್ತು. ಜೂನ್ ಬಂತೆಂದರೆ ಸ್ಕೂಟರನ್ನು ರಸ್ತೆ ಬದಿಯ ಅಂಗಡಿ ಜಗಲಿಯಲ್ಲಿಟ್ಟು, ಹಾಲಿನ ಕ್ಯಾನ್ ಹಿಡಿದು, ಉಂಬಳ (ಜಿಗಣೆ) ಕಚ್ಚಿಸಿಕೊಂಡು ನಡೆಯುವುದೇ. ಸೆಪ್ಟೆಂಬರ್ ಕೊನೆಯವರೆಗೂ ಇದೇ ಕಥೆ. ಸ್ಕೂಟರಿನ 10 ಇಂಚಿನ ಹಿಂದಿನ ಚಕ್ರ ಮುರಕಲ್ಲಿನ (ಜಂಬಿಟ್ಟಿಗೆಯ) ಗುಂಡಿಗೆ ಇಳಿದರೆ ಮೇಲೆ ಬರುವುದಿಲ್ಲ. ಜೀಪಿನವರು ಒಂದು ಸಲಕ್ಕೆ 250 ರೂಪಾಯಿ ಕೇಳುತ್ತಿದ್ದರು. ಅದೂ ಅವರಿಗೆ ಮನಸ್ಸಿದ್ದರೆ.

ನನಗೆ ಬೇಕಾಗಿದ್ದದ್ದು ದೊಡ್ಡ ಚಕ್ರ, ನೆಲದಿಂದ ಎತ್ತರ, ಹಗುರ ಎಂಜಿನ್. ಮೊದಲು ಹುಡುಕಿದ್ದು ಹೀರೋದವರದ್ದೇ ಹಳೇ ಬೈಕ್ ಇಂಪಲ್ಸ್. 2011ರಲ್ಲಿ ಬಂದದ್ದು, 149.2 ಸಿಸಿ. ಎರಡು ನೋಡಿದೆ. ಕಾರ್ಕಳದ ಕಡೆ ಒಂದು 35 ಸಾವಿರಕ್ಕೆ ಇತ್ತು, ಆದರೆ ಹಿಂದಿನ ಚಕ್ರ ಹಿಡಿಯುವ ಕಬ್ಬಿಣ ಒಳಗಿನಿಂದ ತುಕ್ಕು ತಿಂದಿತ್ತು. ಎಂಜಿನ್ ಸಾಮಾನು ಹೇಗಾದರೂ ಸಿಗುತ್ತದೆ, ಪ್ಲಾಸ್ಟಿಕ್ ಸಾಮಾನಿಗೆ ಅಲೆಯಬೇಕು ಎಂದು ಮಾರುವವರೇ ಹೇಳಿದರು. ಅದನ್ನು ಬಿಟ್ಟೆ. 2023ರ ಜನವರಿಯಲ್ಲಿ 2019ರ ಎಕ್ಸ್‌ಪಲ್ಸ್, ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಮಾಡೆಲ್ ಸಿಕ್ಕಿತು. 17 ಸಾವಿರ ಕಿ.ಮೀ. ಓಡಿತ್ತು. 85 ಹೇಳಿದರು, 78 ಸಾವಿರಕ್ಕೆ ಮುಗಿಯಿತು. ಆ ಏಳು ಸಾವಿರ ಹೇಗೆ ಇಳಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ. ಮುಂದೆ ಇನ್ನೊಂದು ಬೈಕ್ ತೆಗೆದುಕೊಳ್ಳುವುದಿದೆ.

ಬೈಕ್ ಮನೆಗೆ ಬಂದ ದಿನ ಭಾವ ಅಂಗಳದಲ್ಲಿ ಸುತ್ತು ಹಾಕಿ ನೋಡಿದರು. "ಎಂತ ಮಾರಾಯ್ತಿ ಇದು, ಕುದುರೆ ತಂದ ಹಾಗೆ ಉಂಟು. ನಿನಗೆ ಕಾಲು ತಾಗ್ತದಾ?" ತಾಗುತ್ತಿರಲಿಲ್ಲ. ಎರಡೂ ಕಡೆ ಬೆರಳ ತುದಿ ಅಷ್ಟೇ. ಅತ್ತೆ ಒಳಗಿನಿಂದಲೇ, "ಬೀಳಬೇಡ ಮಗಾ, ಮೊದಲು ಆ ನೂರು ಸಿಸಿದ್ದು ಕಲಿ" ಎಂದರು. ಎಲ್ಲರದ್ದೂ ಇದೇ ಮಾತು. ಮೊದಲು ಸಣ್ಣ ಬೈಕ್, ಆಮೇಲೆ ದೊಡ್ಡದು. ಆದರೆ ಸಣ್ಣ ಬೈಕಿನಲ್ಲಿ ನಮ್ಮ ತೋಡು ದಾಟಲಿಕ್ಕೆ ಆಗುವುದಿಲ್ಲವಲ್ಲ. ಕಲಿಯುವುದಾದರೆ ಓಡಿಸಬೇಕಾದ ಬೈಕಿನಲ್ಲೇ ಕಲಿಯಬೇಕು ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಆದರೂ ಮೊದಲ ತಪ್ಪು ಆ ವಾರವೇ ಆಯಿತು. ಗ್ಯಾರೇಜಿನಲ್ಲಿ "ಅಕ್ಕ, ಇದನ್ನು ಸ್ವಲ್ಪ ಇಳಿಸುವ, ನಿಮಗೆ ಬೇರೆ ದಾರಿ ಇಲ್ಲ" ಎಂದರು. ನಾನೂ ಒಪ್ಪಿದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕ್ ಪ್ಲೇಟ್ ಬದಲಿಸಿದರು. ಮುಂದಿನ ಫೋರ್ಕನ್ನು ಮೇಲೆ ಸರಿಸಿ ಕಟ್ಟಿದರು. ಎರಡು ಇಂಚು ಇಳಿಯಿತು. 3,500 ರೂಪಾಯಿ. ಎರಡೂ ಪಾದದ ಮುಂಭಾಗ ನೆಲಕ್ಕೆ ಬಂತು. ಖುಷಿಯಾಯಿತು, ನಾಲ್ಕು ದಿನ.

ಐದನೇ ದಿನ ಅಂಗಳದಲ್ಲಿ ನಿಂತಿದ್ದ ಬೈಕ್ ತನ್ನಷ್ಟಕ್ಕೇ ಬಲಕ್ಕೆ ಮಗುಚಿತು. ಬೈಕ್ ಇಳಿಸಿದ ಮೇಲೆ ಸೈಡ್ ಸ್ಟ್ಯಾಂಡ್ ಉದ್ದವಾಗುತ್ತದೆ, ಗಾಡಿ ನೆಟ್ಟಗೆ ನಿಲ್ಲುತ್ತದೆ, ಸ್ವಲ್ಪ ತಾಗಿದರೂ ಆಚೆ ಬೀಳುತ್ತದೆ. ಅದನ್ನು ಕತ್ತರಿಸಿ ವೆಲ್ಡ್ ಮಾಡಬೇಕಿತ್ತು. ಯಾರೂ ಹೇಳಲಿಲ್ಲ. ಅದು ಹೋಗಲಿ ಎಂದರೆ, ಏರಿನ ಮಧ್ಯೆ ಇರುವ ಮುರಕಲ್ಲು ಎಂಜಿನ್ ಕೆಳಗಿನ ಪ್ಲೇಟಿಗೆ ಠಣ್ ಎಂದು ಬಡಿಯಲು ಶುರುವಾಯಿತು. ನೆಲದಿಂದ 220 ಮಿ.ಮೀ. ಎತ್ತರ ಬೇಕೆಂದೇ ಈ ಬೈಕ್ ತಂದದ್ದು. ಅದನ್ನೇ ಕತ್ತರಿಸಿ ಕೂತಿದ್ದೆ. ಎರಡೇ ವಾರದಲ್ಲಿ ಎಲ್ಲವನ್ನೂ ಮೊದಲಿನ ಹಾಗೆ ಹಾಕಿಸಿದೆ. ಅದಕ್ಕೆ ಮತ್ತೆ ಸಾವಿರದ ಹತ್ತಿರ.

ಆಮೇಲೆ ಮಾಡಿದ್ದೇ ನಿಜವಾಗಿ ಕೆಲಸಕ್ಕೆ ಬಂದದ್ದು. ಎರಡು ಕಾಲು ಊರುವ ಆಸೆ ಪೂರ್ತಿ ಬಿಟ್ಟೆ. ಒಂದೇ ಕಾಲು. ಎಡಗಾಲು. ನಿಲ್ಲುವ ಮೊದಲೇ ಸೀಟಿನಲ್ಲಿ ಎಡಕ್ಕೆ ಜಾರಿ ಕೂರಬೇಕು. ಆಗ ಪೂರ್ತಿ ಪಾದ ನೆಲಕ್ಕೆ ಬರುತ್ತದೆ. ಬಲಗಾಲು ಹಿಂದಿನ ಬ್ರೇಕ್ ಮೇಲೆಯೇ ಇರುತ್ತದೆ, ಗಾಡಿ ಅಲುಗುವುದಿಲ್ಲ. ಗೇರ್ ಹಾಕುವುದಿದ್ದರೆ ನಿಲ್ಲುವ ಮೊದಲೇ ಒಂದಕ್ಕೆ ತಂದಿರಬೇಕು. ನಿಂತ ಮೇಲೆ ಕಾಲು ಬದಲಿಸುವ ಕೆಲಸವೇ ಇಲ್ಲ. ಹಿಂದಿನ ಶಾಕಿಗೆ ಹತ್ತು ಹಂತ ಇದೆ. ಅದನ್ನು ಅತಿ ಮೆತ್ತಗಿನ ಹಂತಕ್ಕೆ ಇಟ್ಟೆ. ನಾನು ಕೂತರೆ ಸ್ವಲ್ಪ ಇಳಿಯುತ್ತದೆ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸೀಟಿನ ಫೋಮ್ ಕೂಡ ಕತ್ತರಿಸಿದ್ದೇನೆ. ಆದರೆ ಎಲ್ಲರೂ ಕತ್ತರಿಸುವ ಜಾಗದಲ್ಲಿ ಅಲ್ಲ. ಮೇಲಿನಿಂದ ತೆಗೆದರೆ ಕೆಳಗಿನ ಗಟ್ಟಿ ಭಾಗ ತೊಡೆಗೆ ಒತ್ತುತ್ತದೆ, ಇಪ್ಪತ್ತು ಕಿ.ಮೀ. ಹೋಗುವಷ್ಟರಲ್ಲಿ ಸಾಕಾಗುತ್ತದೆ. ನಾನು ಎಲ್ಲಿ, ಎಷ್ಟು ತೆಗೆದೆ ಎಂಬುದನ್ನು ಬರೆಯುವುದಿಲ್ಲ. ಮೂರು ಸಲ ಹಾಳು ಮಾಡಿ ಕಂಡುಕೊಂಡದ್ದು ಅದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕಲಿತದ್ದು ರಸ್ತೆಯಲ್ಲಲ್ಲ. ನಮ್ಮ ಮನೆ ಹಿಂದಿನ ಗುಡ್ಡೆಯ ಮೇಲೆ ಒಂದು ಪಾದೆ ಇದೆ. ಮುರಕಲ್ಲಿನ ಸಮತಟ್ಟು, ಅಲ್ಲಲ್ಲಿ ಮುಳಿಹುಲ್ಲು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು. ಮೊದಲ ಎರಡು ವಾರ ಕೂರಲೇ ಇಲ್ಲ. ಎಂಜಿನ್ ಶುರು ಮಾಡಿ, ಒಂದನೇ ಗೇರ್ ಹಾಕಿ, ಬೈಕಿನ ಪಕ್ಕದಲ್ಲಿ ನಡೆದೆ. ಕ್ಲಚ್ ಬಿಟ್ಟರೆ ಎಷ್ಟು ಎಳೆಯುತ್ತದೆ, ಹಿಡಿದರೆ ಎಷ್ಟು ಬೇಗ ನಿಲ್ಲುತ್ತದೆ ಎಂಬುದು ಕೈಗೆ ಗೊತ್ತಾಗಬೇಕು. ದನವನ್ನು ಹಗ್ಗದಲ್ಲಿ ನಡೆಸಿದವರಿಗೆ ಇದು ಬೇಗ ಬರುತ್ತದೆ. ಮೂರನೇ ವಾರ ಕೂತೆ. ಆಕ್ಸಿಲರೇಟರ್ ಮುಟ್ಟಲಿಲ್ಲ. ಈ ಎಂಜಿನ್ ಐಡಲ್‌ನಲ್ಲೇ ಸಮತಟ್ಟಿನಲ್ಲಿ ನಡೆಯುವ ವೇಗಕ್ಕೆ ಹೋಗುತ್ತದೆ. ಅಷ್ಟೇ ವೇಗದಲ್ಲಿ ಎಂಟು ಹಾಕುವುದು, ಕಲ್ಲು ಸುತ್ತುವುದು, ನಿಲ್ಲುವುದು, ಎಡಗಾಲು.

ಇಲ್ಲಿ ಎರಡನೇ ದೊಡ್ಡ ಖರ್ಚು ಬಂತು. ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದೇ, ಎರಡೆರಡು ಗಂಟೆ ಸುತ್ತಿದ್ದೇ ಸುತ್ತಿದ್ದು. ಒಂದು ದಿನ ಸುಟ್ಟ ವಾಸನೆ ಬಂತು. ಒಲೆಯಲ್ಲಿ ರಬ್ಬರ್ ಬಿದ್ದಿದೆ ಎಂದುಕೊಂಡೆ. ಮುಂದಿನ ವಾರ ಏರಿನಲ್ಲಿ ಎಂಜಿನ್ ಕೂಗುತ್ತದೆ, ಬೈಕ್ ಹೋಗುವುದಿಲ್ಲ. ಕ್ಲಚ್ ಪ್ಲೇಟ್ ಮುಗಿದಿತ್ತು. ಕೂಲಿ ಸೇರಿ 2,600 ಆಗಿರಬೇಕು. ಈಗ ಯಾರಿಗಾದರೂ ಕಲಿಸುವಾಗ ಹತ್ತು ನಿಮಿಷಕ್ಕೊಮ್ಮೆ ಎಂಜಿನ್ ನಿಲ್ಲಿಸಿ ನೀರು ಕುಡಿಸುತ್ತೇನೆ, ಅವರಿಗೂ ವಿಶ್ರಾಂತಿ, ಕ್ಲಚ್ಚಿಗೂ ವಿಶ್ರಾಂತಿ.

ಬೀಳುವುದನ್ನೂ ಕಲಿತೆ. ಪಾದೆಯ ಅಂಚಿನಲ್ಲಿ ಹುಲ್ಲು ದಪ್ಪ ಇರುವ ಕಡೆ ಬೈಕನ್ನು ನಾನೇ ನಿಧಾನ ಮಲಗಿಸಿ ಎತ್ತಿದೆ. ಮುಂದಿನಿಂದ ಬಗ್ಗಿ ಎತ್ತಲು ಹೋದರೆ 154 ಕೆ.ಜಿ. ಸೊಂಟ ಮುರಿಯುತ್ತದೆ. ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ, ಮೊಣಕಾಲು ಬಗ್ಗಿಸಿ ಹಿಂದೆ ಹಿಂದೆ ಸಣ್ಣ ಹೆಜ್ಜೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಬೇಕು, ಗೇರಿನಲ್ಲಿ ಇಡಬೇಕು. ಇಲ್ಲದಿದ್ದರೆ ಎತ್ತಿದ್ದು ಆಚೆ ಬೀಳುತ್ತದೆ. ಮೂರು ಭಾನುವಾರದಲ್ಲಿ ಹತ್ತಿಪ್ಪತ್ತು ಸಲ ಎತ್ತಿರಬಹುದು. ಒಂದು ದಿನ ಭಾವ ನೋಡಲು ಬಂದು ಸುಮ್ಮನೆ ನಿಂತರು. ಅವರೂ ಎತ್ತಲು ಪ್ರಯತ್ನಿಸಿದರು, ಮುಂದಿನಿಂದ ಬಗ್ಗಿ. ಆಗಲಿಲ್ಲ. ನಾನು ಎತ್ತಿ ತೋರಿಸಿದೆ.

ಈ ಬೀಳುವ ಕಲಿಕೆಗೆ ಕ್ಲಚ್ ಲಿವರ್ ನಾಲ್ಕು ಹೋಗಿವೆ. ಒಂದಕ್ಕೆ 150 ಲೆಕ್ಕ ಹಾಕಿ. ಲಿವರ್ ಹಿಡಿಯುವ ಬೋಲ್ಟನ್ನು ತೀರಾ ಬಿಗಿ ಮಾಡಬಾರದು ಎಂದು ಗೊತ್ತಾದದ್ದು ಮೂರನೆಯದು ಮುರಿದ ಮೇಲೆ. ಸ್ವಲ್ಪ ಸಡಿಲ ಇದ್ದರೆ ಬಿದ್ದಾಗ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಆಮೇಲೆ ಅಲ್ಯೂಮಿನಿಯಂ ಪಟ್ಟಿಯ ಹ್ಯಾಂಡ್ ಗಾರ್ಡ್ ಹಾಕಿಸಿದೆ, 1,800. ಇದನ್ನು ಮೊದಲ ದಿನವೇ ಹಾಕಿಸಬೇಕಿತ್ತು. ಹ್ಯಾಂಡಲ್ ಒಮ್ಮೆ ಬಗ್ಗಿ ಬದಲಿಸಿದೆ, 1,100.

ಲೈಸೆನ್ಸ್ ಬಗ್ಗೆ ಒಂದು ಮಾತು. ನನ್ನದು ಗೇರ್ ಇಲ್ಲದ ಗಾಡಿಯದ್ದಾಗಿತ್ತು. ಮತ್ತೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಳೆದು ಟೆಸ್ಟ್ ಕೊಡಬೇಕು. ಬೇರೆಯವರು ಸಣ್ಣ ಬೈಕ್ ತಂದಿದ್ದರು. ನಾನು ಎಕ್ಸ್‌ಪಲ್ಸಿನಲ್ಲೇ ಎಂಟು ಹಾಕಿದೆ, ಕಾಲು ಊರದೆ, ಮೊದಲ ಸಲಕ್ಕೇ.

ಮೊದಲ ಮಳೆಗಾಲಕ್ಕೆ ನಾನು ತಯಾರಿದ್ದೇನೆ ಅಂದುಕೊಂಡಿದ್ದೆ. ಇರಲಿಲ್ಲ.

ಇಲ್ಲಿ ಮಳೆ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆಗುಂಬೆಯ ಬುಡದಲ್ಲಿದ್ದೇವೆ. ಜುಲೈನಲ್ಲಿ ತೋಡಿನ ನೀರು ಬೆಳಿಗ್ಗೆ ಕಣಕಾಲಿಗೆ ಇದ್ದದ್ದು ಸಂಜೆಗೆ ಸೊಂಟಕ್ಕೆ ಬರುತ್ತದೆ. 2023ರ ಜುಲೈ ಮೊದಲ ವಾರ, ಸಂಜೆ ಆರು ಗಂಟೆ. ನೀರು ಮೊಣಕಾಲಿನಷ್ಟು ಎಂದು ಅಂದಾಜು ಮಾಡಿ ಎರಡನೇ ಗೇರಿನಲ್ಲಿ ಇಳಿದೆ. ಮಧ್ಯದಲ್ಲಿ ಒಂದು ಉರುಟು ಕಲ್ಲು. ಮುಂದಿನ ಚಕ್ರ ಹತ್ತಿ ಇಳಿಯಿತು, ನಾನು ಹೆದರಿ ಕ್ಲಚ್ ಹಿಡಿದೆ. ಎಂಜಿನ್ ಇಳಿಯಿತು, ನಿಂತಿತು. ಎಡಗಾಲು ಊರಿದರೆ ಅಲ್ಲಿ ನೆಲವೇ ಇಲ್ಲ, ಗುಂಡಿ. ಬೈಕ್ ಮಲಗಿತು. ಆಚೆ ಮನೆಯ ಅಣ್ಣ ಮತ್ತು ಅವರ ಮಗ ಓಡಿ ಬಂದು ಎಳೆದರು. ಬೀಳುವ ಮೊದಲೇ ಎಂಜಿನ್ ನಿಂತಿದ್ದರಿಂದ ಒಳಗೆ ನೀರು ಎಳೆಯಲಿಲ್ಲ. ಏರ್ ಫಿಲ್ಟರ್ ಒದ್ದೆಯಾಗಿ ಮುದ್ದೆಯಾಗಿತ್ತು. ಹೊಸತು ಹಾಕಿ, ಆಯಿಲ್ ಬದಲಿಸಿ, ಪ್ಲಗ್ ಬಿಚ್ಚಿ ಒರೆಸಿ ಒಂದು ದಿನ ಒಣಗಲು ಬಿಟ್ಟೆ. ಎಲ್ಲ ಸೇರಿ ಸಾವಿರ ರೂಪಾಯಿ ಒಳಗೆ. ನಾನು ಒಂದು ವಾರ ಮಾತ್ರ ಬೈಕ್ ಹತ್ತಿರ ಹೋಗಲಿಲ್ಲ.

ಆಮೇಲೆ ತೋಡಿನ ದಂಡೆಯಲ್ಲಿ ಅಡಿಕೆ ಮರದ ಸೀಳು ಒಂದನ್ನು ಹುಗಿದೆ. ಅದಕ್ಕೆ ಎರಡು ಗೆರೆ. ಬಿಳಿ ಗೆರೆಗಿಂತ ಕೆಳಗಿದ್ದರೆ ದಾಟುವುದು. ಬಿಳಿಗೂ ಕೆಂಪಿಗೂ ಮಧ್ಯೆ ಇದ್ದರೆ ಮೊದಲು ನಡೆದು ನೋಡುವುದು. ಕೆಂಪು ಮುಟ್ಟಿದ್ದರೆ ಬೈಕ್ ಅಂಗಡಿ ಜಗಲಿಯಲ್ಲಿ, ನಾನು ಕಾಲುಸಂಕದಲ್ಲಿ (ನಡೆದು ದಾಟುವ ಸಣ್ಣ ಸೇತುವೆಯಲ್ಲಿ). ನೀರಿನ ಬಣ್ಣ ಕೆಂಪಾಗಿ, ಮೇಲೆ ಕಸ ಕಡ್ಡಿ ಓಡುತ್ತಿದ್ದರೆ ಗೆರೆಯನ್ನೂ ನೋಡುವುದಿಲ್ಲ. ಎರಡು ಮಳೆಗಾಲದಲ್ಲಿ ಬೈಕ್ ಅಂಗಡಿಯಲ್ಲಿ ಬಿಟ್ಟದ್ದು ಒಟ್ಟು ಹದಿನೈದು ದಿನ ಇರಬಹುದು. ಮೊದಲು ನಾಲ್ಕು ತಿಂಗಳು ಬಿಡುತ್ತಿದ್ದೆ. ಈಗ ಅಕ್ಕಪಕ್ಕದವರೂ ಶಾಲೆ ಮಕ್ಕಳನ್ನು ಕಳಿಸುವ ಮೊದಲು ಆ ಸೀಳು ನೋಡಿಕೊಂಡು ಹೋಗುತ್ತಾರೆ.

ದಾಟುವ ಕ್ರಮ ಈಗ ಒಂದೇ. ಒಂದನೇ ಗೇರ್, ಕ್ಲಚ್ಚಿನಿಂದ ಬೆರಳು ತೆಗೆದು, ಆಕ್ಸಿಲರೇಟರ್ ಒಂದೇ ಸಮ. ಕಣ್ಣು ಆಚೆ ದಂಡೆಯ ಹಲಸಿನ ಮರದ ಮೇಲೆ. ನೀರು ನೋಡಿದರೆ ತಲೆ ತಿರುಗಿ ಬೈಕ್ ನೀರಿನ ದಿಕ್ಕಿಗೇ ಹೋಗುತ್ತದೆ. ನಿಂತುಕೊಂಡು ಹೋಗಲು ಕೆಲವರು ಹೇಳುತ್ತಾರೆ. ನನಗೆ ನೀರಿನಲ್ಲಿ ಕೂತೇ ಸರಿ. ನಿಲ್ಲುವುದು ಏರಿನಲ್ಲಿ.

ಏರಿನ ಪಾಠಕ್ಕೆ ಇನ್ನೂ ಹೆಚ್ಚು ಸಮಯ ಹೋಯಿತು. ಒದ್ದೆ ಜೇಡಿ, ಮೇಲೆ ಅಡಿಕೆ ಹಾಳೆ, ಪಾಚಿ ಹಿಡಿದ ಕಲ್ಲು. ಮಧ್ಯದಲ್ಲಿ ನಿಂತು ಹೋದರೆ ಮುಂದಿನ ಬ್ರೇಕ್ ಹಿಡಿದು ಪ್ರಯೋಜನ ಇಲ್ಲ. ಭಾರ ಎಲ್ಲ ಹಿಂದಕ್ಕೆ ಹೋಗಿರುತ್ತದೆ, ಮುಂದಿನ ಚಕ್ರ ಹಿಡಿದ ಹಾಗೇ ಹಿಂದಕ್ಕೆ ಜಾರುತ್ತದೆ. ನಾನು ಹೀಗೆ ಎರಡು ಸಲ ಬೇಲಿಗೆ ಹೋಗಿದ್ದೇನೆ. ಎಂಜಿನ್ ನಿಂತರೆ ನಿಲ್ಲಲಿ, ಒಂದನೇ ಗೇರಿನಲ್ಲೇ ಇಟ್ಟು ಕ್ಲಚ್ ಬಿಟ್ಟುಬಿಡಬೇಕು. ಎಂಜಿನ್ನೇ ಬ್ರೇಕ್ ಆಗುತ್ತದೆ. ಆಮೇಲೆ ಕ್ಲಚ್ ಸ್ವಲ್ಪ ಸ್ವಲ್ಪ ಹಿಡಿದು ಬಿಟ್ಟು ಹಿಂದೆ ಇಳಿಸಬಹುದು. ಇಳಿಯುವಾಗಲೂ ಒಂದನೇ ಗೇರ್ ಮತ್ತು ಹಿಂದಿನ ಬ್ರೇಕ್. ನಮ್ಮ ಬೈಕಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಮುಂದೆ ಮಾತ್ರ. ಜಾರುವ ಕೆಸರಿನಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಅದು ಬಿಟ್ಟು ಬಿಟ್ಟು ಹಿಡಿಯುತ್ತದೆ, ಬೈಕ್ ಮುಂದೆ ಹೋಗುತ್ತಲೇ ಇರುತ್ತದೆ. ಹಿಂದಿನದ್ದಕ್ಕೆ ಆ ತೊಂದರೆ ಇಲ್ಲ, ಬೇಕೆಂದರೆ ಚಕ್ರ ಲಾಕ್ ಮಾಡಿ ಜಾರಿಸಬಹುದು. ಅದಕ್ಕೆ ಧೈರ್ಯ ಬರಲು ನನಗೆ ಆಗಸ್ಟ್ ಆಯಿತು.

ಟೈರಿನ ಗಾಳಿ ಇಳಿಸಿದ್ದು ಅರ್ಧ ಕೆಲಸ ಮಾಡಿತು. ಮಳೆಗಾಲದಲ್ಲಿ ಮುಂದೆ 18 ಪಿಎಸ್‌ಐ, ಹಿಂದೆ 20. ಇದಕ್ಕಿಂತ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ಉಡುಪಿಗೆ ಹೋಗುವ ದಿನ ಹೆಬ್ರಿಯಲ್ಲಿ ಮತ್ತೆ ತುಂಬಿಸುತ್ತೇನೆ. ಮುಂದಿನ 21 ಇಂಚಿನ ಟ್ಯೂಬ್ ನಮ್ಮಲ್ಲಿ ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಹೊಸ 21 ಇಂಚಿನದ್ದನ್ನೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ತೀರಾ ಕಷ್ಟ ಬಂದರೆ ಅದನ್ನು ಹಿಂದಿನ 18 ಇಂಚಿಗೂ ಮಡಚಿ ತುರುಕಿ ಮನೆಗೆ ತಲುಪಬಹುದು. ಬಿದಿರು ಮುಳ್ಳು ಹೊಕ್ಕಾಗ ಒಮ್ಮೆ ಹಾಗೆ ಮಾಡಿದ್ದೇನೆ, ಹನ್ನೊಂದು ಕಿ.ಮೀ. ಬಂದಿದ್ದೇನೆ.

ಗಂಬೂಟ್ ಹಾಕುವವರಿಗೆ ಇನ್ನೊಂದು ವಿಷಯ. ಗಂಬೂಟಿನ ಮುಂಭಾಗ ದಪ್ಪ. ಗೇರ್ ಪೆಡಲಿನ ಕೆಳಗೆ ಹೋಗುವುದಿಲ್ಲ. ನಾನು ಒಂದು ತಿಂಗಳು ಎರಡನೇ ಗೇರ್ ಬೀಳುವುದಿಲ್ಲ ಎಂದು ಗ್ಯಾರೇಜಿಗೆ ಅಲೆದೆ. ಗೇರ್ ಪೆಡಲ್ ಬಿಚ್ಚಿ ಒಂದು ಹಲ್ಲು ಮೇಲೆ ಕೂರಿಸಿದರೆ ಸಾಕು. ಐದು ನಿಮಿಷದ ಕೆಲಸ.

ಇನ್ನು ಪ್ರಯೋಗಗಳು. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) 13 ಹಲ್ಲಿನದ್ದು ತೆಗೆದು 12 ಹಾಕಿದೆ. ಏರಿನಲ್ಲಿ ಸ್ವರ್ಗ. ಆದರೆ ಉಡುಪಿ ರಸ್ತೆಯಲ್ಲಿ 60 ದಾಟಿದರೆ ಇನ್ನೊಂದು ಗೇರ್ ಇದೆಯಾ ಎಂದು ಕಾಲು ಹುಡುಕುತ್ತದೆ. ಲೀಟರಿಗೆ 40 ಕೊಡುತ್ತಿದ್ದದ್ದು 36ಕ್ಕೆ ಇಳಿಯಿತು. ಈಗ ಮಳೆಗಾಲಕ್ಕೆ 12, ದೀಪಾವಳಿ ಕಳೆದ ಮೇಲೆ 13. ಬದಲಿಸಲು ಅರ್ಧ ಗಂಟೆ, ಚೈನ್ ಮಾತ್ರ ಮತ್ತೆ ಸರಿ ಮಾಡಬೇಕು.

ದೊಡ್ಡ ಗುಬ್ಬೆಗಳಿರುವ ಹಿಂದಿನ ಟೈರ್ ಒಂದನ್ನೂ ಹಾಕಿಸಿದೆ, 3,900. ಕೆಸರಿನಲ್ಲಿ ಬಹಳ ಚೆನ್ನಾಗಿತ್ತು. ಆದರೆ ಒದ್ದೆ ಡಾಮರಿನ ತಿರುವಿನಲ್ಲಿ ಸೋಪಿನ ಮೇಲೆ ಕೂತ ಹಾಗೆ. ಆರು ಸಾವಿರ ಕಿ.ಮೀ.ಗೆ ಗುಬ್ಬೆ ಬೋಳಾಯಿತು. ಮತ್ತೆ ಹಾಕಿಸಲಿಲ್ಲ. ನಮ್ಮಂಥವರಿಗೆ, ಅಂದರೆ ಮಣ್ಣು ಒಂದೂವರೆ ಕಿ.ಮೀ., ಡಾಮರು ಏಳೆಂಟು ಕಿ.ಮೀ. ಇರುವವರಿಗೆ, ಬೈಕಿನ ಜೊತೆ ಬರುವ ಟೈರೇ ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಲಿನ ಕ್ಯಾನ್ ಬಹಳ ತಲೆ ತಿಂದಿತು. ಬೆಳಿಗ್ಗೆ ಡೈರಿಗೆ ಎಂಟು ಹತ್ತು ಲೀಟರ್ ಇರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಕ್ಯಾರಿಯರ್ ಮಾಡಿಸಿ (1,400) ಹಿಂದೆ ಕಟ್ಟಿದೆ. ದೊಡ್ಡ ಕ್ಯಾನ್ ಮುಕ್ಕಾಲು ತುಂಬಿದ್ದರೆ ಏರಿಳಿತದಲ್ಲಿ ಹಾಲು ಆಚೆ ಈಚೆ ಹೊಡೆದು ಬೈಕನ್ನೇ ಅಲುಗಿಸುತ್ತದೆ. ಡೈರಿ ತಲುಪುವಾಗ ಮೇಲೆಲ್ಲ ನೊರೆ. ಐದೈದು ಲೀಟರಿನ ಎರಡು ಕ್ಯಾನ್ ತಂದು, ಕತ್ತಿನವರೆಗೆ ತುಂಬಿ, ಎರಡೂ ಬದಿ ಕೆಳಗೆ ತೂಗು ಹಾಕಿ ಹಳೇ ಟ್ಯೂಬಿನಲ್ಲಿ ಬಿಗಿದೆ. ಸೈಲೆನ್ಸರ್ ಬಲಕ್ಕೆ ಮೇಲೆ ಇದೆಯಲ್ಲ, ಆ ಬದಿಗೆ ಗೋಣಿ ಮತ್ತು ತಗಡು ಅಡ್ಡ ಕೊಟ್ಟಿದ್ದೇನೆ. ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಒಮ್ಮೆ ಒಡೆದಿದೆ.

ತುಕ್ಕಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ ನೋಡಿದೆ. ದೋಣಿಗೆ, ಬೇಲಿ ಗೂಟಕ್ಕೆ ಹಚ್ಚುತ್ತಾರಲ್ಲ, ಅದೇ. ಕ್ಯಾರಿಯರಿನ ಕಬ್ಬಿಣಕ್ಕೆ, ಫ್ರೇಮಿನ ಅಡಿಭಾಗಕ್ಕೆ ಬ್ರಷ್‌ನಲ್ಲಿ ಎರಡು ಕೋಟ್. ಕೈಗವಸು ಹಾಕದೆ ಹಚ್ಚಿ ಬೆರಳಿಗೆಲ್ಲ ಬೊಕ್ಕೆ ಎದ್ದು ಹತ್ತು ದಿನ ಒದ್ದಾಡಿದೆ. ದಯವಿಟ್ಟು ಕೈಗವಸು ಹಾಕಿ. ಒಣಗಲು ಒಂದು ವಾರ ಬೇಕು, ಆಮೇಲೆ ಗಟ್ಟಿ ಕಪ್ಪು. ಕ್ಯಾರಿಯರ್ ಎರಡು ಮಳೆಗಾಲ ಕಳೆದರೂ ತುಕ್ಕು ಹಿಡಿದಿಲ್ಲ. ಸೈಲೆನ್ಸರ್ ಹತ್ತಿರ ಹಚ್ಚಿದ ಕಡೆ ಮಾತ್ರ ಬಿಸಿಗೆ ಹೊಗೆ ಬಂದು ವಾರಗಟ್ಟಲೆ ವಾಸನೆ. ಅಲ್ಲಿ ಬೇಡ.

ಚೈನಿಗೆ ಸ್ಪ್ರೇ ಹಾಕಿ ಹಾಕಿ ದುಡ್ಡು ದಂಡ. ನಮ್ಮ ಕೆಂಪು ಮಣ್ಣಿನಲ್ಲಿ ಎರಡೇ ದಿನ. 90ರ ಗೇರ್ ಆಯಿಲ್ ಸಾಕು, ಸಂಜೆ ಬೆಚ್ಚಗಿರುವಾಗ ಹಚ್ಚಬೇಕು. ಅದಕ್ಕೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಮಳೆಗಾಲ ನೋಡಬೇಕು. ಚೈನ್ ಸ್ಪ್ರಾಕೆಟ್ ಸೆಟ್ ಒಮ್ಮೆ ಮಾತ್ರ ಬದಲಿಸಿದ್ದೇನೆ, 2,300. ಮಲ್ಪೆ ಕಡೆ ಹೋದಾಗ ಗೆಳತಿಯರು ಮರಳಿನ ಹತ್ತಿರ ಫೋಟೋಗೆ ಕರೆಯುತ್ತಾರೆ. ನಾನು ಬೈಕನ್ನು ಉಪ್ಪು ಗಾಳಿಯಲ್ಲಿ ಹತ್ತು ನಿಮಿಷ ಕೂಡ ನಿಲ್ಲಿಸುವುದಿಲ್ಲ. ಹೋದರೆ ಬಂದ ದಿನವೇ ಸ್ಪೋಕ್ ಒಂದೊಂದನ್ನೂ ತೊಳೆದು ಒರೆಸುತ್ತೇನೆ.

ಒಟ್ಟು ಲೆಕ್ಕ ಹಾಕಿದರೆ ಬೈಕ್, ಹೆಸರು ವರ್ಗಾವಣೆ, ಇನ್ಶೂರೆನ್ಸ್, ಹಾಳು ಮಾಡಿದ್ದು, ಸರಿ ಮಾಡಿದ್ದು ಎಲ್ಲ ಸೇರಿ ಒಂದು ಲಕ್ಷ ದಾಟಿದೆ. ಪೆಟ್ರೋಲ್ ಬಿಟ್ಟು. ಅದರಲ್ಲಿ ಹತ್ತು ಸಾವಿರ ಪೂರ್ತಿ ನನ್ನ ಕಲಿಕೆಯ ಖರ್ಚು. ಜೀಪಿಗೆ ಕೊಡುತ್ತಿದ್ದದ್ದನ್ನು ನೆನೆದರೆ ಅದು ದೊಡ್ಡದು ಅನಿಸುವುದಿಲ್ಲ.

ಕಳೆದ ನವೆಂಬರಿನಲ್ಲಿ ಆಗುಂಬೆ ಹತ್ತಿದೆ. ಹೆಬ್ರಿ, ಸೋಮೇಶ್ವರ, ಆಮೇಲೆ ಆ ಹದಿನಾಲ್ಕು ತಿರುವು. ಆಚೆ ಮನೆಯ ಅಣ್ಣನ ಮಗ ತನ್ನ ದೊಡ್ಡ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಮೇಲಿನಿಂದ ಒಂದು ವ್ಯಾನ್ ಪೂರ್ತಿ ನನ್ನ ಬದಿಗೆ ಬಂತು. ನಿಲ್ಲಬೇಕಾಯಿತು, ಅದೂ ಏರಿನಲ್ಲಿ, ಎಡಕ್ಕೆ ಚರಂಡಿ. ಎಡಕ್ಕೆ ಜಾರಿದೆ, ಕಾಲು ಊರಿದೆ, ಬಲಗಾಲಿನ ಬ್ರೇಕ್, ಒಂದನೇ ಗೇರ್. ವ್ಯಾನ್ ಹೋಯಿತು, ನಾನೂ ಹೋದೆ. ಮೇಲೆ ಚಹಾ ಕುಡಿಯುವಾಗ ಅವನು "ಅಕ್ಕ, ಅಲ್ಲಿ ನಾನಾಗಿದ್ರೆ ಬೀಳ್ತಿದ್ದೆ" ಎಂದ.

ಕಳೆದ ಆಗಸ್ಟ್‌ನಲ್ಲಿ ಭಾವನಿಗೆ ಜ್ವರ ಬಂದಾಗ ಜೀಪು ಏರು ಹತ್ತಲಿಲ್ಲ. ಹೆಬ್ರಿಯಿಂದ ಮದ್ದು ತಂದು ಕೊಟ್ಟದ್ದು ಇದೇ ಬೈಕ್. ಅವರು ಆಮೇಲೆ ಏನೂ ಹೇಳಲಿಲ್ಲ. ಹೋದ ತಿಂಗಳು ಮಾತ್ರ ಅಂಗಳಕ್ಕೆ ಬಂದು, "ಮಗಳಿಗೆ ಹದಿನೆಂಟು ಆಯ್ತು. ನಿನ್ನ ಪಾದೆಗೆ ಕರ್ಕೊಂಡು ಹೋಗ್ತಿಯಾ?" ಎಂದು ಕೇಳಿದರು. ಅವಳು ನನಗಿಂತಲೂ ಒಂದು ಇಂಚು ಕಮ್ಮಿ. ಮೂರು ಭಾನುವಾರ ಆಗಿದೆ, ಇನ್ನೂ ಪಕ್ಕದಲ್ಲೇ ನಡೆಸುತ್ತಿದ್ದಾಳೆ. ಮಳೆ ಹಿಡಿಯುವ ಮೊದಲು ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಅಂದರೆ ಕೋನ್ ಸೆಟ್ ಬದಲಿಸಬೇಕು, 12ರ ಸ್ಪ್ರಾಕೆಟ್ ಹಾಕಬೇಕು, ತೋಡಿನ ಸೀಳಿಗೆ ಹೊಸ ಬಣ್ಣ ಬಳಿಯಬೇಕು.